ಹಂಗು ಮತ್ತು ಹೊಣೆ: ಒಹಾಯೊ ಬಿಷಪ್ಪನ ಇಂಗ್ಲೆಂಡ್ ಯಾತ್ರೆ

ಹೊಸ ನಾಡಿನ ಗಡಿಯಲ್ಲಿ ಹುಟ್ಟಿದ ಬಡ ಸಭೆಯೊಂದು ತನ್ನ ಕಾಲ ಮೇಲೆ ನಿಲ್ಲುವುದಕ್ಕಾಗಿ ದೂರದ ಸಿರಿವಂತ ಸಭೆಯ ಮುಂದೆ ಕೈಯೊಡ್ಡಬಹುದೇ, ಒಡ್ಡಿದರೆ ಆ ಹಣದೊಂದಿಗೆ ಬರುವ ಹಂಗನ್ನು ಯಾರು ತೀರಿಸಬೇಕು, ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬ ಪ್ರಶ್ನೆಗಳು ಕ್ರೈಸ್ತ ಧರ್ಮದ ಮೊದಲ ತಲೆಮಾರಿನಲ್ಲೇ ಎದ್ದವು. ಮೇಲ್ನೋಟಕ್ಕೆ ಇವು ಆಡಳಿತದ ಪ್ರಶ್ನೆಗಳಂತೆ ಕಂಡರೂ ಇವುಗಳ ಬುಡದಲ್ಲಿರುವುದು, ದೇವರ ಹೆಸರಿನಲ್ಲಿ ಕೊಟ್ಟದ್ದು ಕೊಟ್ಟ ಮೇಲೆ ಯಾರದು ಎಂಬ ತಾತ್ತ್ವಿಕ ಜಿಜ್ಞಾಸೆ. ಅಮೆರಿಕದ ಒಹಾಯೊ ರಾಜ್ಯದ ಮೊದಲ ಬಿಷಪ್ ಫಿಲಾಂಡರ್ ಚೇಸ್ 1823ರಲ್ಲಿ ಇಂಗ್ಲೆಂಡಿಗೆ ಕೈಗೊಂಡ ಯಾತ್ರೆಯೂ ಅದರ ಫಲವಾಗಿ ಹುಟ್ಟಿದ ವಿದ್ಯಾಸಂಸ್ಥೆಯಲ್ಲಿ 1831ರ ಹೊತ್ತಿಗೆ ಸಿಡಿದ ಕಲಹವೂ ಈ ಜಿಜ್ಞಾಸೆಯನ್ನು ಬಿಡಿಸಿ ನೋಡಲು ಒದಗುವ ಅಪರೂಪದ ದೃಷ್ಟಾಂತ. ಏಕೆಂದರೆ ಇಲ್ಲಿ ಬೇಡಿದವನು ಪ್ರಾಮಾಣಿಕ, ಕೊಟ್ಟವರು ಸಜ್ಜನರು, ಕಾಗದಪತ್ರಗಳು ಚೊಕ್ಕ, ಆದರೂ ಸಂಬಂಧಗಳು ಹಳಸಿದವು.

ಈ ವಿಷಯದಲ್ಲಿ ಹಳೆಯ ಪ್ರಮಾಣವೆಂದರೆ ಪೌಲ ಎತ್ತಿದ ಚಂದಾ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ ಮತ್ತು ಅಖಾಯ ಸೀಮೆಗಳ ಸಭೆಗಳಿಂದ ಅವನು ಹಣ ಕೂಡಿಸಿದ ವೃತ್ತಾಂತ ಕೊರಿಂಥದವರಿಗೂ ರೋಮಿನವರಿಗೂ ಬರೆದ ಪತ್ರಗಳಲ್ಲಿ ಸಿಗುತ್ತದೆ. ಅಲ್ಲಿ ಹಣ ಹರಿದ ದಿಕ್ಕು ಗಮನಾರ್ಹ: ಗಡಿಯಲ್ಲಿ ಹೊಸದಾಗಿ ಹುಟ್ಟಿದ ಸಭೆಗಳು ಕೊಟ್ಟವು, ಮೂಲಸ್ಥಾನದ ಮಾತೃಸಭೆ ತೆಗೆದುಕೊಂಡಿತು. ಆತ್ಮಿಕ ಸಂಪತ್ತು ಯೆರೂಸಲೇಮಿನಿಂದ ಹೊರಟು ಬಂದಿರುವಾಗ ಲೌಕಿಕ ಸಂಪತ್ತು ಅತ್ತ ಮರಳುವುದು ನ್ಯಾಯವೆಂಬುದು ಪೌಲನ ವಾದ. ಒಬ್ಬರ ಸಮೃದ್ಧಿ ಮತ್ತೊಬ್ಬರ ಕೊರತೆಯನ್ನು ತುಂಬಿ ಸಮಾನತೆ ಉಂಟಾಗಬೇಕೆಂಬುದು ಅವನ ಇನ್ನೊಂದು ವಾದ. ಹಣದ ಗಂಟನ್ನು ಅವನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಮೇಲೆ ಯಾರೂ ಬೊಟ್ಟು ಮಾಡದಿರಲೆಂದು ಸಭೆಗಳೇ ಆರಿಸಿದ ಪ್ರತಿನಿಧಿಗಳನ್ನು ಜೊತೆಗಿಟ್ಟುಕೊಂಡ. ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದು ರೋಮಿನವರಿಗೆ ಬರೆದ ಪತ್ರದ ಕೊನೆಯ ಭಾಗದಲ್ಲಿದೆ. ತಾನು ಒಯ್ಯುವ ಕಾಣಿಕೆಯನ್ನು ಯೆರೂಸಲೇಮಿನವರು ಒಪ್ಪಿಕೊಳ್ಳುವಂತಾಗಲಿ ಎಂದು ಪ್ರಾರ್ಥಿಸಿರೆಂದು ಅವನು ಓದುಗರನ್ನು ಕೇಳಿಕೊಳ್ಳುತ್ತಾನೆ. ಕೊಡುವ ಪಕ್ಷವೇ ತೆಗೆದುಕೊಳ್ಳುವವರ ಸಮ್ಮತಿಗಾಗಿ ಆತಂಕಪಡುವ ಈ ನಿಲುವು, ಮುಂದಿನ ಶತಮಾನಗಳ ಧರ್ಮದಾನಗಳಲ್ಲಿ ಕಾಣಸಿಗುವುದು ಕಡಿಮೆ.

ಚೇಸ್‌ನ ಕಾಲಕ್ಕೆ ಹಣದ ದಿಕ್ಕು ತಿರುಗಿತ್ತು. 1775ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಕಾರ್ನಿಷ್ ಎಂಬ ಊರಿನ ರೈತ ಕುಟುಂಬದಲ್ಲಿ ಹುಟ್ಟಿದ ಅವನು ಬೆಳೆದದ್ದು ಕಾಂಗ್ರಿಗೇಷನಲ್ ಪಂಥದಲ್ಲಿ, ಅಂದರೆ ಪ್ರತಿಯೊಂದು ಊರಿನ ಸಭೆಯೂ ಮೇಲಧಿಕಾರಿಯಿಲ್ಲದೆ ತನ್ನನ್ನು ತಾನೇ ಆಳಿಕೊಳ್ಳಬೇಕೆನ್ನುವ ಪಂಥದಲ್ಲಿ. ಡಾರ್ಟ್‌ಮತ್ ಕಾಲೇಜಿನಲ್ಲಿ ಓದುವಾಗ ಆಂಗ್ಲಿಕನ್ನರ ಪ್ರಾರ್ಥನಾ ಪುಸ್ತಕ ಕೈಗೆ ಸಿಕ್ಕಿ, ಅವನು ಎಪಿಸ್ಕೋಪಲ್ ಸಭೆಯನ್ನು ಸೇರಿದ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಿಂದ ಕವಲೊಡೆದು ಅಮೆರಿಕದ ಸ್ವಾತಂತ್ರ್ಯದ ನಂತರ ಪ್ರತ್ಯೇಕವಾದ ಈ ಸಭೆಯಲ್ಲಿ ಒಂದು ಪ್ರದೇಶದ ಎಲ್ಲ ಸಭೆಗಳ ಮೇಲ್ವಿಚಾರಣೆಯೂ ಗುರುಗಳಿಗೆ ದೀಕ್ಷೆ ಕೊಡುವ ಅಧಿಕಾರವೂ ಬಿಷಪ್ಪನಿಗೆ ಸೇರಿದ್ದು. ನ್ಯೂ ಆರ್ಲಿಯನ್ಸಿನಲ್ಲೂ ಹಾರ್ಟ್‌ಫರ್ಡ್‌ನಲ್ಲೂ ಗುರುವಾಗಿ ದುಡಿದು, ನೆಮ್ಮದಿಯ ಹಾರ್ಟ್‌ಫರ್ಡನ್ನು ಬಿಟ್ಟು 1817ರಲ್ಲಿ ಒಹಾಯೊಗೆ ಹೊರಟ ಚೇಸ್ 1819ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಬಿಷಪ್ಪನಾಗಿ ಅಭಿಷೇಕ ಪಡೆದ. ಪದವಿ ದೊಡ್ಡದು, ಸಂಬಳ ನೆಚ್ಚುವಂಥದ್ದಲ್ಲ. ವರ್ದಿಂಗ್ಟನ್ ಎಂಬಲ್ಲಿ ತನ್ನ ಹೊಲವನ್ನು ತಾನೇ ನೋಡಿಕೊಳ್ಳುತ್ತ, ಕುದುರೆಯೇರಿ ಕಾಡುದಾರಿಗಳಲ್ಲಿ ಸಭೆಯಿಂದ ಸಭೆಗೆ ಅಲೆಯುತ್ತ ಅವನು ಧರ್ಮಪ್ರಾಂತ್ಯವನ್ನು ನಡೆಸಬೇಕಾಯಿತು.

ಒಹಾಯೊ ಆಗ ಬರಿಯ ಕಾಡಾಗಿ ಉಳಿದಿರಲಿಲ್ಲ. 1803ರಲ್ಲಿ ರಾಜ್ಯವಾದ ಅದರ ಜನಸಂಖ್ಯೆ 1820ರ ಗಣತಿಯ ವೇಳೆಗೆ 5,81,434ಕ್ಕೆ ಏರಿತ್ತು. ಚೇಸ್‌ನ ಅಧೀನದಲ್ಲಿದ್ದ ಗುರುಗಳನ್ನು ಮಾತ್ರ ಬೆರಳ ಮೇಲೆ ಎಣಿಸಬಹುದಿತ್ತು. ಪೂರ್ವದ ನಗರಗಳ ಗುರುಗಳು ಪಶ್ಚಿಮಕ್ಕೆ ಬರಲು ಒಪ್ಪರು, ಪಶ್ಚಿಮದ ರೈತರ ಮಕ್ಕಳಿಗೆ ಪೂರ್ವಕ್ಕೆ ಹೋಗಿ ಓದುವ ತಾಕತ್ತಿಲ್ಲ. ಆದ್ದರಿಂದ ಗುರುಗಳನ್ನು ತಯಾರಿಸುವ ಗುರುಮಠ ಒಹಾಯೊ ನೆಲದಲ್ಲೇ ಏಳಬೇಕೆಂದು ಅವನು ನಿಶ್ಚಯಿಸಿದ. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅದೇ ಗಡಿನಾಡಿನಲ್ಲಿ ಮೆಥಡಿಸ್ಟರೂ ಬ್ಯಾಪ್ಟಿಸ್ಟರೂ ಹೊರದೇಶದ ಕಾಸಿಲ್ಲದೆ ಸಾವಿರಾರು ಜನರನ್ನು ಸೆಳೆಯುತ್ತಿದ್ದರು, ಏಕೆಂದರೆ ಅವರ ಬೋಧಕನಿಗೆ ಬೇಕಾದದ್ದು ಕುದುರೆ, ಬೈಬಲ್ಲು ಮತ್ತು ಗಟ್ಟಿ ಗಂಟಲು. ಎಪಿಸ್ಕೋಪಲ್ ಗುರುವಿಗಾದರೋ ಗ್ರೀಕ್ ಮತ್ತು ಲ್ಯಾಟಿನ್ ಬರಬೇಕು, ಬಿಷಪ್ಪನ ಕೈಯಿಂದ ದೀಕ್ಷೆಯಾಗಿರಬೇಕು. ಚೇಸ್‌ನನ್ನು ಹಡಗು ಹತ್ತಿಸಿದ್ದು ಬಡತನವೊಂದೇ ಅಲ್ಲ, ಗುರುತ್ವದ ಬಗೆಗೆ ಅವನ ಸಭೆ ಇಟ್ಟುಕೊಂಡಿದ್ದ ಸಿದ್ಧಾಂತ ಕೂಡ. ಕಡಿಮೆ ಖರ್ಚಿನ ಸಿದ್ಧಾಂತವಿದ್ದ ಪಂಥಗಳು ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ.

ಅವನ ಸಭೆಗೆ ಬ್ರಿಟನ್ನಿನ ಬಾಗಿಲು ಹೊಸದೂ ಆಗಿರಲಿಲ್ಲ. ಯೇಸುವಿನ ಅಪೊಸ್ತಲರಿಂದ ಹಸ್ತಾರ್ಪಣೆಯ ಮೂಲಕ, ಎಂದರೆ ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆಯ ಮೂಲಕ, ಬಿಷಪ್ಪರ ಪರಂಪರೆ ಮುರಿಯದೆ ಬರಬೇಕೆಂಬ ನಂಬಿಕೆಗೆ ಪ್ರೇಷಿತ ಪರಂಪರೆ ಎಂದು ಹೆಸರು. ವಸಾಹತು ಕಾಲದ ಅಮೆರಿಕದಲ್ಲಿ ಒಬ್ಬ ಆಂಗ್ಲಿಕನ್ ಬಿಷಪ್ಪನೂ ಇಲ್ಲದಿದ್ದುದರಿಂದ ಸ್ವಾತಂತ್ರ್ಯಾನಂತರ ಈ ಪರಂಪರೆಯನ್ನು ಹೊರಗಿನಿಂದಲೇ ತರಬೇಕಾಗಿತ್ತು. ಅಮೆರಿಕದ ಗುರು ಸ್ಯಾಮ್ಯುಯಲ್ ಸೀಬರಿ ಲಂಡನ್ನಿಗೆ ಹೋಗಿ ಕೇಳಿದಾಗ ರಾಜನಿಷ್ಠೆಯ ಪ್ರಮಾಣ ಅಡ್ಡಬಂದು, ಕೊನೆಗೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 1784ರ ನವೆಂಬರಿನಲ್ಲಿ ಅಭಿಷೇಕ ಪಡೆದ. 1786ರಲ್ಲಿ ಬ್ರಿಟಿಷ್ ಸಂಸತ್ತು ಪ್ರಮಾಣವಿಲ್ಲದೆಯೇ ಪರದೇಶಿಗಳಿಗೆ ಅಭಿಷೇಕ ಕೊಡಲು ಕಾಯಿದೆ ಮಾಡಿತು. ಮರುವರ್ಷ ಲ್ಯಾಂಬೆತ್ ಅರಮನೆಯಲ್ಲಿ ವಿಲಿಯಂ ವೈಟ್ ಬಿಷಪ್ಪನಾದ. ಮುಂದೆ ಚೇಸ್‌ಗೆ ಅಭಿಷೇಕ ಕೊಟ್ಟವನು ಈ ವೈಟ್. ಆದರೆ ಅದೇ ಕಾಯಿದೆ ಒಂದು ಬೇಲಿಯನ್ನೂ ಹಾಕಿತ್ತು: ಹೀಗೆ ಅಭಿಷಿಕ್ತರಾದವರಾಗಲಿ ಅವರಿಂದ ದೀಕ್ಷೆ ಪಡೆದವರಾಗಲಿ ಬ್ರಿಟಿಷ್ ರಾಜನ ಸೀಮೆಯಲ್ಲಿ ತಮ್ಮ ಪದವಿಯ ಕೆಲಸ ನಡೆಸುವಂತಿಲ್ಲ. ತನ್ನ ದೀಕ್ಷೆಯ ಮೂಲ ಯಾವ ಸಭೆಯಲ್ಲಿತ್ತೋ ಆ ಸಭೆಯ ಪೀಠದಿಂದ ಬೋಧಿಸುವ ಹಕ್ಕು ಚೇಸ್‌ಗೆ ಇರಲಿಲ್ಲ. ಅವನು ತನ್ನ ಕೋರಿಕೆಯನ್ನು ಭಕ್ತರ ಸಭೆಯ ಮುಂದೆ ಇಡಲಾಗದೆ ಶ್ರೀಮಂತರ ದಿವಾನಖಾನೆಗಳಲ್ಲಿ ಇಡಬೇಕಾದದ್ದಕ್ಕೆ ಇದೊಂದು ಕಾರಣ, ಮತ್ತು ಈ ಕಾರಣದ ಪರಿಣಾಮ ಹಣದ ಸ್ವರೂಪದ ಮೇಲೂ ಆಯಿತು.

ಯಾತ್ರೆಗೆ ವಿರೋಧ ಬಂದದ್ದು ಸ್ವದೇಶದಿಂದಲೇ. ನ್ಯೂಯಾರ್ಕಿನ ಬಿಷಪ್ ಜಾನ್ ಹೆನ್ರಿ ಹೋಬಾರ್ಟ್, ಇಡೀ ಅಮೆರಿಕದ ಸಭೆಗೆ ಒಂದೇ ಗುರುಮಠ ಸಾಕು, ಅದು ನ್ಯೂಯಾರ್ಕಿನಲ್ಲಿ ಇರಲಿ ಎನ್ನುವ ಪಕ್ಷದವನು. 1823ರಲ್ಲಿ ಆರೋಗ್ಯದ ಸಲುವಾಗಿ ತಾನೂ ಇಂಗ್ಲೆಂಡಿಗೆ ಬಂದಿದ್ದ ಅವನು, ಚೇಸ್‌ನ ಯೋಜನೆಗೆ ಅಮೆರಿಕದ ಸಭೆಯ ಸಮ್ಮತಿಯಿಲ್ಲವೆಂಬಂಥ ಮಾತುಗಳನ್ನು ಅಲ್ಲಿ ಹರಡಿದ. ಚೇಸ್‌ನ ಅಭಿಮಾನಿಗಳು ಹೋಬಾರ್ಟನನ್ನು ಹೊಟ್ಟೆಕಿಚ್ಚಿನ ಮನುಷ್ಯನೆಂದು ಚಿತ್ರಿಸುವುದುಂಟು. ಅದು ಪೂರ್ತಿ ನ್ಯಾಯವಲ್ಲ. ರಾಜಪ್ರಭುತ್ವದಿಂದ ಬಿಡಿಸಿಕೊಂಡ ಸಭೆ ಅದೇ ಪ್ರಭುತ್ವದ ಪ್ರಭುಗಳ ಮುಂದೆ ಬಟ್ಟಲು ಹಿಡಿದು ನಿಂತರೆ ಅದರ ಸ್ವಾಯತ್ತತೆಗೆ ಏನು ಬೆಲೆ, ಪ್ರತಿಯೊಬ್ಬ ಬಿಷಪ್ಪನೂ ತನಗೆ ತೋಚಿದಂತೆ ಸಮುದ್ರ ದಾಟಿ ಹಣ ತಂದರೆ ಸಭೆಯ ಏಕತೆಗೆ ಏನು ಗತಿ ಎಂಬ ಅವನ ಆಕ್ಷೇಪದಲ್ಲಿ ಹುರುಳಿತ್ತು. ಅದಕ್ಕೆ ಚೇಸ್‌ನ ಉತ್ತರ ಸರಳ: ನ್ಯೂಯಾರ್ಕಿನ ಗುರುಮಠ ಒಹಾಯೊಗೆ ಗುರುಗಳನ್ನು ಕಳಿಸುತ್ತಿಲ್ಲ, ಕಳಿಸುವ ಸೂಚನೆಯೂ ಇಲ್ಲ. ಏಕತೆಯ ತತ್ತ್ವ ಹೇಳುವವರಿಗೆ ಗಡಿಯ ಹಸಿವು ತಟ್ಟದಿರುವುದೂ, ಹಸಿವಿನ ಮಾತಾಡುವವನಿಗೆ ತತ್ತ್ವ ಕೇಳಿಸದಿರುವುದೂ ಸಭೆಗಳ ಇತಿಹಾಸದಲ್ಲಿ ಹೊಸದಲ್ಲ.

ಬಿಗಿದಿದ್ದ ಬಾಗಿಲನ್ನು ತೆರೆಸಿದ್ದು ಕೆಂಟಕಿಯ ರಾಜಕಾರಣಿ ಹೆನ್ರಿ ಕ್ಲೇ ಕೊಟ್ಟ ಪರಿಚಯ ಪತ್ರ. 1812ರಲ್ಲಿ ಆರಂಭವಾಗಿ, ಬ್ರಿಟಿಷ್ ಸೈನ್ಯ ವಾಷಿಂಗ್ಟನ್ ನಗರವನ್ನು ಸುಡುವ ತನಕ ಹೋದ ಯುದ್ಧವನ್ನು ಮುಗಿಸಲು 1814ರಲ್ಲಿ ಗೆಂಟ್ ನಗರದಲ್ಲಿ ಸಂಧಾನ ನಡೆದಾಗ, ಅಮೆರಿಕದ ಕಡೆ ಕುಳಿತವರಲ್ಲಿ ಕ್ಲೇ ಒಬ್ಬ, ಬ್ರಿಟಿಷ್ ನಿಯೋಗದ ಮುಖ್ಯಸ್ಥ ಅಡ್ಮಿರಲ್ ಗ್ಯಾಂಬಿಯರ್ ಪ್ರಭು. ಕ್ಲೇ ಅಲ್ಲಿ ರಾತ್ರಿಯೆಲ್ಲ ಇಸ್ಪೀಟಾಡಿ, ಸಂಗಡಿಗ ಜಾನ್ ಕ್ವಿನ್ಸಿ ಆಡಮ್ಸ್ ಬೆಳಗಿನ ಜಾವ ಏಳುವ ಹೊತ್ತಿಗೆ ಆಟ ಮುಗಿಸುತ್ತಿದ್ದವನು. ಗ್ಯಾಂಬಿಯರ್ 1807ರಲ್ಲಿ ಕೋಪನ್‌ಹೇಗನ್ ಮೇಲೆ ಗುಂಡು ಸುರಿಸಿದ ನೌಕಾಧಿಪತಿಯಾದರೂ ಚರ್ಚ್ ಮಿಷನರಿ ಸೊಸೈಟಿಯ ಮೊದಲ ಅಧ್ಯಕ್ಷನಾದ ಭಕ್ತ. ಇಂಥ ಇಬ್ಬರ ನಡುವೆ ಉಳಿದಿದ್ದ ಗೌರವದ ನಂಟಿನ ಮೇಲೆ ಒಹಾಯೊದ ಗುರುಮಠದ ಭವಿಷ್ಯ ನಿಂತಿತು. ಗ್ಯಾಂಬಿಯರ್ ಒಲಿದ ಮೇಲೆ ಕೆನ್ಯನ್ ಪ್ರಭು, ರಾಸ್ ಮನೆತನದ ವಿಧವಾ ಕೌಂಟೆಸ್, ಲೇಖಕಿ ಹ್ಯಾನಾ ಮೋರ್, ಬೆಕ್ಸ್‌ಲಿ ಪ್ರಭುವಾದ ನಿಕೊಲಸ್ ವ್ಯಾನ್ಸಿಟಾರ್ಟ್ ಮೊದಲಾದವರು ಒಬ್ಬೊಬ್ಬರಾಗಿ ಕೂಡಿಕೊಂಡರು. ವ್ಯಾನ್ಸಿಟಾರ್ಟ್ 1812ರಿಂದ 1823ರ ಆರಂಭದವರೆಗೆ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದವನು, ಅಂದರೆ ಅಮೆರಿಕದ ವಿರುದ್ಧದ ಯುದ್ಧಕ್ಕೆ ಹಣ ಹೊಂದಿಸಿದವನು. ಸ್ವತಂತ್ರ ಸಭೆಯ ಮಾನ ಹೋಗುತ್ತದೆಂದು ಹೋಬಾರ್ಟ್ ಅಂಜಿದ್ದು ಈ ಬಗೆಯ ಹೆಸರುಗಳನ್ನು ನೆನೆದೇ ಇರಬೇಕು. ಆದರೆ ಮೊನ್ನೆಯ ಶತ್ರುವಿನ ಕೈಯಿಂದ ಪಡೆಯುವ ಕಾಣಿಕೆಯಲ್ಲಿ ಸಂಧಾನದ ಅರ್ಥವೂ ಇರಬಲ್ಲದೆಂಬುದನ್ನು ಅವನು ಗಣಿಸಲಿಲ್ಲ.

ಈ ಯಾತ್ರೆಯ ತಿರುಳಿರುವುದು ಚೇಸ್ ಬರೆದುಕೊಟ್ಟ ದಾನಪತ್ರದಲ್ಲಿ. ಬೇಡಲು ಬಂದವನು ಹಣ ಮುಟ್ಟುವ ಮೊದಲು ತಾನೇ ದಾನಿಯಾದ: ಬೇರೆ ಜಾಗ ಗೊತ್ತಾಗದಿದ್ದರೆ ವರ್ದಿಂಗ್ಟನ್ನಿನ ತನ್ನ ಆಸ್ತಿಯೇ ಗುರುಮಠಕ್ಕೆ ಸಲ್ಲಲಿ ಎಂದು ಬರೆದುಕೊಟ್ಟ. ಕೂಡಿದ ಹಣ ಅವನ ಕೈಗೆ ಬಾರದೆ ಗ್ಯಾಂಬಿಯರ್, ಕೆನ್ಯನ್ ಮೊದಲಾದ ಧರ್ಮದರ್ಶಿಗಳ ವಶದಲ್ಲಿ ಇಂಗ್ಲೆಂಡಿನಲ್ಲೇ ಉಳಿಯಬೇಕು, ಷರತ್ತುಗಳು ನೆರವೇರಿವೆಯೆಂದು ಹೆನ್ರಿ ಕ್ಲೇ ಪ್ರಮಾಣೀಕರಿಸಿದ ಮೇಲಷ್ಟೇ ಬಿಡುಗಡೆಯಾಗಬೇಕು ಎಂಬ ಏರ್ಪಾಡಾಯಿತು. ಪೌಲನ ಎಚ್ಚರವನ್ನು ಆಂಗ್ಲ ಕಾನೂನಿನ ಭಾಷೆಯಲ್ಲಿ ಬರೆದಂತಿದೆ ಇದು. ಇಸ್ಪೀಟಿನ ಮೇಜಿನಲ್ಲಿ ಪಳಗಿದ, ಗುಲಾಮರನ್ನು ಇಟ್ಟುಕೊಂಡಿದ್ದ ರಾಜಕಾರಣಿಯೊಬ್ಬ ಗುರುಮಠದ ಹಣಕ್ಕೆ ಮಧ್ಯಸ್ಥನಾದದ್ದೂ, ಅದನ್ನು ಗುಲಾಮಗಿರಿಯ ವಿರೋಧಿ ವಿಲ್ಬರ್‌ಫೋರ್ಸ್‌ನ ಬಳಗದ ಭಕ್ತರು ಒಪ್ಪಿಕೊಂಡದ್ದೂ ಆ ಕಾಲದ ಧರ್ಮಪ್ರಜ್ಞೆಯ ಕುರುಡುಕಲೆಯನ್ನು ತೋರಿಸುತ್ತವೆ.

ಇಷ್ಟು ಕಟ್ಟುನಿಟ್ಟಾದ ಪತ್ರದಲ್ಲಿ ಒಂದು ಪಕ್ಷ ಕಾಣೆಯಾಗಿತ್ತು. ನ್ಯಾಸ ಅಥವಾ ಟ್ರಸ್ಟ್ ಎಂಬ ಕಾನೂನು ವ್ಯವಸ್ಥೆಯಲ್ಲಿ ಮೂವರಿರುತ್ತಾರೆ: ಆಸ್ತಿಯನ್ನು ಒಪ್ಪಿಸುವವನು, ಅದನ್ನು ನೋಡಿಕೊಳ್ಳುವ ಧರ್ಮದರ್ಶಿ, ಅದರ ಫಲ ಉಣ್ಣುವ ಫಲಾನುಭವಿ. ಖಾಸಗಿ ನ್ಯಾಸದಲ್ಲಿ ಫಲಾನುಭವಿಯ ಹೆಸರು ಗೊತ್ತಿರುವುದರಿಂದ ಅವನು ಧರ್ಮದರ್ಶಿಯನ್ನು ಕಟಕಟೆಗೆ ಎಳೆಯಬಲ್ಲ. ಧರ್ಮಾರ್ಥದ ನ್ಯಾಸದಲ್ಲಿ ಫಲಾನುಭವಿಯೆಂದರೆ ‘ಬಡವರು’, ‘ಭಕ್ತರು’, ‘ಪಶ್ಚಿಮ ಸೀಮೆಯ ಜನರು’ ಎಂಬ ಹೆಸರಿಲ್ಲದ ಸಮೂಹ, ಆದ್ದರಿಂದ ಅದಕ್ಕೆ ಬಾಯಿಯಿಲ್ಲ. ಒಹಾಯೊದ ಧರ್ಮಪ್ರಾಂತ್ಯದ ಸಮಾವೇಶ ಆಮೇಲೆ ಯೋಜನೆಯನ್ನು ಒಪ್ಪಿಕೊಂಡಿತಾದರೂ, ಲಂಡನ್ನಿನಲ್ಲಿ ಷರತ್ತುಗಳನ್ನು ಗೊತ್ತುಮಾಡುವಾಗ ಆ ಜನರ ಪರವಾಗಿ ಕುಳಿತಿದ್ದವನು ಬಿಷಪ್ ಒಬ್ಬನೇ, ಮತ್ತು ಬೇಡುವವನಾಗಿಯೂ ಪ್ರತಿನಿಧಿಯಾಗಿಯೂ ಮುಂದೆ ಆಡಳಿತ ನಡೆಸುವವನಾಗಿಯೂ ಒಬ್ಬನೇ ಕುಳಿತಾಗ ಪ್ರಾತಿನಿಧ್ಯವೆಂಬುದು ತೆಳುವಾಗುತ್ತದೆ. ಪೌಲನ ಕ್ರಮದಲ್ಲಿ ಚಂದಾ ಕೊಟ್ಟ ಸಭೆಗಳು ಆರಿಸಿದ ಜನ ಜೊತೆಗಿದ್ದರು, ಪಡೆಯುವವರ ಒಪ್ಪಿಗೆಗಾಗಿ ಪ್ರಾರ್ಥನೆಯಿತ್ತು. ಚೇಸ್‌ನ ಕ್ರಮದಲ್ಲಿ ಮೊದಲನೆಯದಕ್ಕೆ ಸಮನಾದ ಭದ್ರತೆ ಇತ್ತು, ಎರಡನೆಯದಕ್ಕೆ ಜಾಗವಿರಲಿಲ್ಲ.

ಹಣದ ಕೆಲಸ ಮಾತ್ರ ಭರದಿಂದ ಸಾಗಿತು. ಒಟ್ಟು ಸುಮಾರು 30,000 ಡಾಲರು ಕೂಡಿತು. 1824ರ ಕೊನೆಯಲ್ಲಿ ಒಹಾಯೊ ಶಾಸನಸಭೆ ಗುರುಮಠಕ್ಕೆ ಸನ್ನದು ಕೊಟ್ಟಿತು. ಪಾಠಗಳು ಮೊದಲು ಬಿಷಪ್ಪನ ಹೊಲಮನೆಯಲ್ಲೇ ನಡೆದವು. ಆಮೇಲೆ ಅವನು ನಾಕ್ಸ್ ಜಿಲ್ಲೆಯ ಕಾಡಿನಲ್ಲಿ 8,000 ಎಕರೆಯನ್ನು ಎಕರೆಗೆ ಎರಡೂಕಾಲು ಡಾಲರಿನಂತೆ ಕೊಂಡು, ಪೇಟೆಯ ಚಟಗಳಿಂದ ದೂರವಾಗಿ ವಿದ್ಯಾರ್ಥಿಗಳನ್ನು ಬೆಳೆಸಲು ಗುಡ್ಡದ ಮೇಲೆ ಕಾಲೇಜನ್ನೂ ಊರನ್ನೂ ಒಟ್ಟಿಗೇ ಕಟ್ಟಲು ಹೊರಟ. 1827ರ ಜೂನಿನಲ್ಲಿ ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಮರ ಕಡಿಸುವುದು, ಗಿರಣಿ ನಡೆಸುವುದು, ಕೂಲಿಯ ಲೆಕ್ಕ ಬರೆಯುವುದು, ಪಾಠ, ಪ್ರಾರ್ಥನೆ ಎಲ್ಲವೂ ಬಿಷಪ್ಪನ ಮೇಲ್ವಿಚಾರಣೆಯಲ್ಲೇ ನಡೆಯಬೇಕಾಗಿತ್ತು. ಕಾಲೇಜಿಗೆ ಕೆನ್ಯನ್, ಊರಿಗೆ ಗ್ಯಾಂಬಿಯರ್, ಸಭಾಂಗಣಕ್ಕೆ ರಾಸ್, ಗುರುಮಠದ ಕಟ್ಟಡಕ್ಕೆ ಬೆಕ್ಸ್‌ಲಿ ಎಂದು ಹೆಸರುಗಳು ನೆಲೆಯಾದವು. ಒಹಾಯೊದ ರೈತನೊಬ್ಬ ತನ್ನ ಮಗನನ್ನು ಓದಿಗೆ ಬಿಡಲು ಬಂದರೆ ಅವನ ಕಣ್ಣಿಗೆ ಬೀಳುತ್ತಿದ್ದುದು ತಾನೆಂದೂ ನೋಡದ ಇಂಗ್ಲಿಷ್ ಪ್ರಭುಗಳ ನಾಮಾವಳಿ.

ಸಂಸ್ಥೆಯ ಕಟ್ಟಳೆಯಂತೆ ಒಹಾಯೊದ ಬಿಷಪ್ಪನೇ ಕಾಲೇಜಿನ ಅಧ್ಯಕ್ಷ. ಪ್ರಾಧ್ಯಾಪಕರು ಆಡಳಿತದಲ್ಲಿ ತಮಗೂ ಪಾಲು ಬೇಕೆಂದು ಕೇಳತೊಡಗಿದಾಗ ಚೇಸ್ ಜಗ್ಗಲಿಲ್ಲ. ದಾನಿಗಳು ನಂಬಿಕೆಯಿಟ್ಟು ಒಪ್ಪಿಸಿದ್ದು ಬಿಷಪ್ಪನಿಗೆ, ಆ ನಂಬಿಕೆಯನ್ನು ಹಂಚಿಕೊಳ್ಳುವ ಅಧಿಕಾರ ತನಗಿಲ್ಲ ಎಂಬುದು ಅವನ ನಿಲುವಿನ ಸಾರ. ನಿರಂಕುಶಾಧಿಕಾರವೆಂಬ ಆಪಾದನೆ ಎದ್ದಿತು, ವಿಷಯ ಧರ್ಮಪ್ರಾಂತ್ಯದ ಸಮಾವೇಶದ ಮುಂದೆ ಬಂತು, ಸಮಾವೇಶ ಅವನ ಬೆನ್ನಿಗೆ ನಿಲ್ಲಲಿಲ್ಲ. 1831ರ ಸೆಪ್ಟೆಂಬರಿನಲ್ಲಿ ಚೇಸ್ ಅಧ್ಯಕ್ಷ ಸ್ಥಾನವನ್ನೂ ಬಿಷಪ್ ಪದವಿಯನ್ನೂ ಒಟ್ಟಿಗೇ ತೊರೆದು ತಾನು ಕಟ್ಟಿದ ಊರನ್ನು ಬಿಟ್ಟು ಹೊರಟ.

ಇದನ್ನು ಮುಂಗೋಪಿ ಮುದುಕನೊಬ್ಬನ ಹಟವೆಂದು ಬದಿಗೆ ಸರಿಸುವವರಿದ್ದಾರೆ. ಅವನು ಹಟಮಾರಿಯೆಂಬುದು ನಿಜ, ಆದರೆ ಹಟಕ್ಕೆ ಬೆಂಬಲವಾದ ತರ್ಕವನ್ನು ಒದಗಿಸಿದ್ದು ದಾನದ ರಚನೆ. ಬೈಬಲ್ಲಿನಲ್ಲಿ ಮೇಲ್ವಿಚಾರಕನನ್ನು ಯಜಮಾನನ ಮನೆವಾರ್ತೆ ನೋಡುವ ಪಾರುಪತ್ಯಗಾರನೆಂದು ಕಾಣುವ ಕಲ್ಪನೆಯಿದೆ. ಪಾರುಪತ್ಯಗಾರನು ಉತ್ತರ ಕೊಡಬೇಕಾದ್ದು ಯಜಮಾನನಿಗೆ, ಮನೆಯ ಇತರ ಆಳುಗಳಿಗಲ್ಲ. ಯಜಮಾನನೆಂದರೆ ದೇವರೇ ಎಂದು ಎಲ್ಲರೂ ಒಪ್ಪುತ್ತಾರೆ, ಆದರೆ ದೇವರ ಪರವಾಗಿ ಭೂಮಿಯ ಮೇಲೆ ಲೆಕ್ಕ ಕೇಳುವವರು ಯಾರೆಂಬಲ್ಲಿ ಭೇದ ಹುಟ್ಟುತ್ತದೆ. ಚೇಸ್‌ನ ಕಣ್ಣಿನಲ್ಲಿ ಆ ಸ್ಥಾನ ಸಮುದ್ರದಾಚೆಯ ದಾನಿಗಳದು. ಅವರು ದೂರ, ಅವರ ಪರವಾಗಿ ಮಾತಾಡಬಲ್ಲವನು ಚೇಸ್ ಒಬ್ಬನೇ. ಹೀಗೆ ಹೊರಗೆ ಅತ್ಯಂತ ವಿನಯದಿಂದ ಹಂಗಿಗೆ ಒಳಗಾದವನು ಅದೇ ಹಂಗಿನ ಬಲದಿಂದ ಒಳಗೆ ಯಾರ ಹಂಗೂ ಇಲ್ಲದವನಾಗುತ್ತಾನೆ. ಹೋಬಾರ್ಟ್ ಹೆದರಿದ್ದು ಇಂಗ್ಲಿಷ್ ಪ್ರಭುಗಳು ಒಹಾಯೊದ ಸಭೆಯನ್ನು ಆಳಿಯಾರೆಂದು. ಅವರು ಆಳಲಿಲ್ಲ, ಅಂಥ ಆಸೆಯನ್ನೂ ತೋರಲಿಲ್ಲ. ಅವರ ಗೈರುಹಾಜರಿಯೇ ಅಧಿಕಾರವಾಗಿ ಬಿಷಪ್ಪನ ಕೈಸೇರಿತು. ಪರಾಧೀನತೆಯ ಈ ರೂಪವನ್ನು ಅಂದಿನ ಎರಡೂ ಪಕ್ಷಗಳು ಮುಂಗಾಣಲಿಲ್ಲ.

ಹಣ ಬಾರದೆ ಹೋದ ಪ್ರಸಂಗವೂ ಅಮೆರಿಕದ ನೆಲದಲ್ಲಿ ಹಿಂದೆ ನಡೆದಿತ್ತು. ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿ ಬರ್ಮುಡಾದಲ್ಲಿ ಕಾಲೇಜು ಕಟ್ಟಲೆಂದು ಬ್ರಿಟಿಷ್ ಸಂಸತ್ತಿನಿಂದ 20,000 ಪೌಂಡುಗಳ ಭರವಸೆ ಪಡೆದು 1729ರಲ್ಲಿ ರೋಡ್ ಐಲೆಂಡಿಗೆ ಬಂದು ಕಾದ. ಹಣ ಬರಲಿಲ್ಲ, 1731ರಲ್ಲಿ ಮರಳಿದ. ಅನುಭವಕ್ಕೆ ಬಾರದ ವಸ್ತುವಿಗೆ ಅಸ್ತಿತ್ವವಿಲ್ಲವೆಂದು ವಾದಿಸಿದವನಿಗೆ ಸರ್ಕಾರದ ಭರವಸೆ ಒಳ್ಳೆಯ ಉದಾಹರಣೆ ಒದಗಿಸಿತೆನ್ನಬೇಕು. ಅವನು ತನ್ನ ಹೊಲವನ್ನೂ ಪುಸ್ತಕಗಳನ್ನೂ ಯೇಲ್ ಕಾಲೇಜಿಗೆ ಕೊಟ್ಟ, ಅವುಗಳ ಮೇಲೆ ಆಳ್ವಿಕೆ ನಡೆಸಲು ಉಳಿಯಲಿಲ್ಲ.

ಕರ್ನಾಟಕದ ಕರಾವಳಿಯೂ ಇದೇ ತೊಡಕನ್ನು ಬೇರೊಂದು ದಾರಿಯಿಂದ ಕಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಜಾತಿಯ ಕಸುಬನ್ನು ಕಳೆದುಕೊಂಡವರು ವಿದೇಶದ ಕಾಣಿಕೆಯ ಮೇಲೆ ಬದುಕಬಾರದೆಂದು ನೇಯ್ಗೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಕೈಯೊಡ್ಡುವುದನ್ನು ದುಡಿಮೆ ತಪ್ಪಿಸಿತು, ಆದರೆ ಕಾರ್ಖಾನೆಯ ಒಡೆತನ ಮಿಷನ್ನಿನದೇ ಆಗಿ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಅವುಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದಾಗ, ತಲೆಮಾರುಗಳಿಂದ ಮಣ್ಣು ತುಳಿದು ಹೆಂಚು ಸುಟ್ಟ ಸಭೆಯವರ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ, ಏಕೆಂದರೆ ಪತ್ರದಲ್ಲಿ ಅವರ ಹೆಸರಿರಲಿಲ್ಲ.

ಪತ್ರದಲ್ಲಿ ಫಲಾನುಭವಿಗಳ ಹೆಸರೂ ಇರಬೇಕೆಂಬುದು ಇಂಥ ಪ್ರಸಂಗಗಳ ಪಾಠವಾದರೆ, ಚೇಸ್ ತನ್ನ ಅನುಭವದಿಂದ ತೆಗೆದುಕೊಂಡ ಪಾಠ ಅದಕ್ಕೆ ವಿರುದ್ಧ ದಿಕ್ಕಿನದು. 1835ರಲ್ಲಿ ಇಲಿನಾಯ್ ರಾಜ್ಯದ ಬಿಷಪ್ಪನಾಗಿ ಆಯ್ಕೆಯಾದ ಕೂಡಲೇ ಅವನು ಎರಡನೆಯ ಸಲ ಇಂಗ್ಲೆಂಡಿಗೆ ಹೋಗಿ ಹಣ ತಂದು, 1839ರಲ್ಲಿ ಪಿಯೋರಿಯಾ ಬಳಿ ಜುಬಿಲಿ ಕಾಲೇಜಿಗೆ ಅಡಿಗಲ್ಲಿಟ್ಟ. ಈ ಬಾರಿ ಆಸ್ತಿಯ ಮೇಲಿನ ಹಿಡಿತವನ್ನು ಪ್ರಾಧ್ಯಾಪಕರೂ ಸಮಾವೇಶವೂ ಕಸಿಯದಂತೆ ತನ್ನ ಬಳಿಯೇ ಇಟ್ಟುಕೊಂಡ, ತನಗೆ ಒಪ್ಪಿಗೆಯಾಗುವ ಸನ್ನದು ಸಿಗುವ ತನಕ ಸಂಸ್ಥೆಯನ್ನು ನೋಂದಾಯಿಸಲಿಲ್ಲ. 1852ರಲ್ಲಿ ಅವನು ತೀರಿಕೊಂಡ ಹತ್ತು ವರ್ಷಕ್ಕೆ, 1862ರಲ್ಲಿ, ಜುಬಿಲಿ ಮುಚ್ಚಿತು. ಅಂತರ್ಯುದ್ಧ ಮತ್ತು ಸಾಲಗಳ ಪಾಲೂ ಅದರಲ್ಲಿದ್ದುದರಿಂದ ಕಾರಣವನ್ನೆಲ್ಲ ಒಡೆತನದ ಮೇಲೆ ಹೊರಿಸುವುದು ಸರಿಯಾಗದು. ಅವನನ್ನು ಹೊರಗೆ ಕಳಿಸಿದ ಕೆನ್ಯನ್ ಇಂದಿಗೂ ಗ್ಯಾಂಬಿಯರ್ ಊರಿನಲ್ಲಿ ಕಾಲೇಜಾಗಿ ನಡೆಯುತ್ತಿದೆ. ಯಾವ ಗುರುಮಠಕ್ಕಾಗಿ ಪ್ರಭುಗಳು ಹಣ ಕೊಟ್ಟರೋ ಆ ಬೆಕ್ಸ್‌ಲಿ ಹಾಲ್ ಮಾತ್ರ 1968ರಲ್ಲಿ ಒಹಾಯೊವನ್ನು ಬಿಟ್ಟು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿಗೆ ಸ್ಥಳಾಂತರಗೊಂಡಿತು.